ಶಿಶುಪಾಲನೆಯೂ ಸರಕಾರದ ಹೊಣೆಯೂ

‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೆ?’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಮನೆಯಲ್ಲಿ ಮಗು ಹುಟ್ಟಿ, ಕಣಜದಲ್ಲಿ ಕಾಳಿಲ್ಲದಾಗ ಹಿರಿಯರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನವಿದು. ದೇವರಲ್ಲಿ ನಂಬಿಕೆ ಇರಲಿ. ಆದರೆ ಪ್ರಜಾರಾಜ್ಯದಲ್ಲಿ ಬಾಳುವ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗಿದೆ. ಇಂದು ಹುಟ್ಟಿದ ಮಗು ನಾಳಿನ ಪ್ರಜೆಯಾಗಿರುವಲ್ಲಿ, ಅದನ್ನು ಸಾಕುವ ಭಾರದಲ್ಲಿ ಸರಕಾರದ ಪಾಲೆಷ್ಟು?

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದೇ ಊರಿನ ಇಬ್ಬರು ಹೆಂಗಸರು ಒಂದೇ ದಿನ ಹೆತ್ತರೆನ್ನಿ. ಒಬ್ಬರು ಸರಕಾರಿ ಶಾಲೆಯ ಉಪಾಧ್ಯಾಯಿನಿ. ಇನ್ನೊಬ್ಬರು ಹೊಲದ ಕೂಲಿಯಾಳು. ಉಪಾಧ್ಯಾಯಿನಿಗೆ 180 ದಿನಗಳ ಹೆರಿಗೆ ರಜೆಯುಂಟು, ಸಂಬಳವೂ ಉಂಟು. ಹತ್ತು ಅಥವಾ ಹೆಚ್ಚು ಕೆಲಸಗಾರರುಳ್ಳ ಖಾಸಗಿ ಸಂಸ್ಥೆಗಳಲ್ಲಿ ದುಡಿಯುವವರಿಗೂ ಮೊದಲೆರಡು ಹೆರಿಗೆಗಳ ರಜೆ 2017ರ ತಿದ್ದುಪಡಿಯಿಂದ 26 ವಾರಗಳಿಗೆ ಏರಿತು. ಇದು ನ್ಯಾಯವೇ ಸರಿ. ಇದರಲ್ಲಿ ಒಂದು ದಿನವನ್ನೂ ಕಡಮೆ ಮಾಡೆಂದು ನಾನು ಹೇಳುವವನಲ್ಲ.

ಕೂಲಿಯ ತಾಯಿಗೆ ಸಿಗುವುದೇನು? 2017ರಲ್ಲಿ ಬಂದ ಪ್ರಧಾನ ಮಂತ್ರಿ ಮಾತೃವಂದನಾ ಯೋಜನೆಯ ಪ್ರಕಾರ ಚೊಚ್ಚಲು ಮಗುವಿಗೆ 5,000 ರೂಪಾಯಿ. ಅದೂ ತಾಯಿ ಕಾರ್ಡು, ಆಧಾರ್, ಬ್ಯಾಂಕಿನ ಖಾತೆ, ಜನನದ ನೋಂದಣಿ, ಮಗುವಿನ ಲಸಿಕೆ ಇವೆಲ್ಲ ಸರಿಹೋದಂತೆ ಕಂತು ಕಂತಾಗಿ. 2024-25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಆ ಲೆಕ್ಕದಲ್ಲಿ 5,000 ರೂಪಾಯಿ ಹದಿನಾಲ್ಕು ದಿನದ ಕೂಲಿಯಾಯಿತು. ಒಬ್ಬ ತಾಯಿಗೆ ಆರು ತಿಂಗಳು, ಇನ್ನೊಬ್ಬ ತಾಯಿಗೆ ಹದಿನಾಲ್ಕು ದಿನ! ಎಳೆಗೂಸನ್ನು ಹೊಲದ ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಮಲಗಿಸಿ, ಕಳೆ ಕೀಳಲು ಇಳಿಯುವ ಬಾಣಂತಿಯನ್ನು ಕಂಡು ನಾವು ಮರುಗುತ್ತೇವೆ. ಆಕೆ ಅಲ್ಲಿಗೆ ಬಂದದ್ದು ಅಜ್ಞಾನದಿಂದಲ್ಲ, ಈ ಲೆಕ್ಕದಿಂದ.

ಕಾನೂನು ಹೇಳಿದ್ದು ಇದಕ್ಕಿಂತ ಹೆಚ್ಚು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ನಾಲ್ಕನೆಯ ಪ್ರಕರಣವು, ಸರಕಾರಿ ನೌಕರಿಯಲ್ಲಿರುವವರಂತೆ ಬೇರೆ ಕಡೆಯಿಂದ ಸೌಲಭ್ಯ ಪಡೆಯುವವರನ್ನು ಬಿಟ್ಟು, ಪ್ರತಿಯೊಬ್ಬ ಗರ್ಭಿಣಿಗೂ ಬಾಣಂತಿಗೂ 6,000 ರೂಪಾಯಿಗೆ ಕಡಮೆಯಿಲ್ಲದ ನೆರವನ್ನು ವಿಧಿಸಿತು. ಯೋಜನೆ ಬಂದಾಗ ‘ಪ್ರತಿಯೊಬ್ಬ’ ಎಂಬುದು ‘ಮೊದಲನೆಯ ಮಗು’ ಎಂದಾಯಿತು. ಆಸ್ಪತ್ರೆಯಲ್ಲಿ ಹೆತ್ತವರಿಗೆ ಜನನಿ ಸುರಕ್ಷಾ ಯೋಜನೆಯ ಹಣವೂ ಸೇರಿ ಸರಾಸರಿ 6,000 ಆಗುವುದೆಂಬುದು ಸರಕಾರದ ಸಮಾಧಾನ. ಮುಂದೆ 2022ರಲ್ಲಿ ಎರಡನೆಯ ಮಗುವಿಗೂ 6,000 ರೂಪಾಯಿ ಎಂದಾಯಿತು. ಆದರೆ ಅದು ಹೆಣ್ಣಾದರೆ ಮಾತ್ರ. ಹೆಣ್ಣುಮಗುವನ್ನು ಗೌರವಿಸುವ ಉದ್ದೇಶ ಸ್ತುತ್ಯವಾದುದೇ. ಆದರೂ ಕೇಳುತ್ತೇನೆ: ಎರಡನೆಯದು ಗಂಡಾದರೆ ಆ ಬಾಣಂತಿಗೆ ಹಸಿವಿಲ್ಲವೆ?

ಬೇರೆಯವರು ಈ ಹೊಣೆಯನ್ನು ಹೇಗೆ ಹೊತ್ತರೆಂಬುದನ್ನು ನೋಡಬಹುದು. ಇಂಗ್ಲೆಂಡಿನ ಎಲೀನರ್ ರಾತ್‌ಬೋನ್ ಎಂಬ ಮಹಿಳೆ 1924ರಲ್ಲಿ ಒಂದು ಗ್ರಂಥವನ್ನು ಬರೆದು, ಮಕ್ಕಳನ್ನು ಸಾಕುವುದು ಸಮಾಜಕ್ಕಾಗಿ ಮಾಡುವ ದುಡಿಮೆ, ಅದಕ್ಕೆ ಸಮಾಜ ಹಣ ಕೊಡಬೇಕು ಎಂದು ವಾದಿಸಿದರು. ಮಹಾಯುದ್ಧದಿಂದ ಬಳಲಿದ್ದ ಆ ದೇಶ 1945ರಲ್ಲಿ ಕುಟುಂಬ ಭತ್ಯದ ಕಾಯಿದೆಯನ್ನು ಮಾಡಿತು: ಮೊದಲನೆಯದನ್ನು ಬಿಟ್ಟು ಉಳಿದ ಪ್ರತಿಯೊಂದು ಮಗುವಿಗೂ ವಾರಕ್ಕೆ 5 ಷಿಲಿಂಗು. ಮಸೂದೆಯಲ್ಲಿ ಹಣ ತಂದೆಗೆ ಸಲ್ಲುವಂತೆ ಇತ್ತು. ತಾಯಿಯ ಕೈಗೇ ಸಲ್ಲಬೇಕೆಂದು ಆಕೆ ಪಾರ್ಲಿಮೆಂಟಿನಲ್ಲಿ ಹೋರಾಡಿ ಗೆದ್ದರು. 1946ರ ಆಗಸ್ಟಿನಲ್ಲಿ ಮೊದಲ ಹಣ ತಾಯಂದಿರಿಗೆ ತಲಪಿದಾಗ ಅದನ್ನು ನೋಡಲು ಆಕೆ ಇರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಅಷ್ಟು ದೂರವೇಕೆ? ನೆರೆಯ ತಮಿಳುನಾಡು ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿನ ಯೋಜನೆಯಲ್ಲಿ ಬಡ ತಾಯಂದಿರಿಗೆ ಕೊಡುವ ನೆರವನ್ನು ನಗದು ಮತ್ತು ಪೌಷ್ಟಿಕ ಆಹಾರ ಸೇರಿ 18,000 ರೂಪಾಯಿಗೆ ಏರಿಸಿದೆ.

ಹಣ ಕೊಟ್ಟರೆ ಜನಸಂಖ್ಯೆ ಬೆಳೆಯುವುದೆಂದು ಅಂಜುವವರುಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಸ್ತ್ರೀ ಸರಾಸರಿ ಹೆರುವ ಮಕ್ಕಳು 1.7 ಮಾತ್ರ. ಆ ಅಂಜಿಕೆ ನಮ್ಮ ತಾತಂದಿರ ಕಾಲದ್ದು. ಹಣ ಗಂಡಸಿನ ಕೈಸೇರಿ ಹೆಂಡದಂಗಡಿಗೆ ಹೋಗುವುದೆಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದುದರಿಂದಲೇ ಅದು ತಾಯಿಯ ಖಾತೆಗೆ ಸೇರಬೇಕೆನ್ನುವುದು. ಹೀಗೆ ತಿಂಗಳು ತಿಂಗಳೂ ಹಣ ಕಳುಹಿಸುವುದು ಸಾಧ್ಯವೆ ಎಂಬ ಸಂಶಯವನ್ನು 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ಪರಿಹರಿಸಿತು; ಒಂದು ಕೋಟಿಗೂ ಮಿಕ್ಕ ಮನೆಯೊಡತಿಯರ ಖಾತೆಗೆ 2,000 ರೂಪಾಯಿಯಂತೆ ಹಣ ಹೋಗಿದೆ. ವೆಚ್ಚ ದೊಡ್ಡದೆಂಬುದು ನಿಜ. ಆದರೆ ಈ ವೆಚ್ಚವನ್ನು ಸರಕಾರ ಹೊರದಿದ್ದರೆ ಅದು ಇಲ್ಲವಾಗುವುದಿಲ್ಲ; ಬಾಣಂತಿಯ ಬೆನ್ನಿನ ಮೇಲೆ ಬೀಳುತ್ತದೆ, ಅಷ್ಟೆ.

ನನ್ನ ಕೋರಿಕೆ ಇಷ್ಟು: ನೆರವನ್ನು ರೂಪಾಯಿಗಳಲ್ಲಿ ಗೊತ್ತುಮಾಡದೆ ಕೂಲಿಯ ದಿನಗಳಲ್ಲಿ ಗೊತ್ತುಮಾಡಲಿ. ರಜೆಯಿಲ್ಲದ ತಾಯಿಗೆ ಮೊದಲು ಮೂರು ತಿಂಗಳ ಕೂಲಿಯಾದರೂ ಸಿಗಲಿ. ಕೂಲಿ ಏರಿದಂತೆ ಅದೂ ತಾನಾಗಿ ಏರಲಿ. ಮಗು ಗಂಡೋ ಹೆಣ್ಣೋ, ಮೊದಲನೆಯದೋ ಎರಡನೆಯದೋ ಎಂದು ಕೇಳದಿರಲಿ.

ಗೆಳೆಯರೆ, ಈ ಸರಕಾರಿ ಕಾಲೇಜಿನ ಬೆಂಚುಗಳ ಮೇಲೆ ಕುಳಿತಿರುವ ನಮ್ಮಲ್ಲಿ ಅನೇಕರು ಬದುವಿನ ಜೋಲಿಯಲ್ಲಿ ಬೆಳೆದವರೇ. ಹದಿನೆಂಟು ವರ್ಷದವರಾದ ನಮ್ಮ ಓದಿಗೆ ಸರಕಾರ ಹಣ ಕೊಡುತ್ತಿದೆ. ಅದಕ್ಕೆ ನಾವು ಕೃತಜ್ಞರು. ನಾವು ಹದಿನೆಂಟು ದಿನದ ಕೂಸಾಗಿದ್ದಾಗ ನಮ್ಮ ತಾಯಂದಿರು ಹೇಗೆ ಬದುಕಿದರೆಂಬುದನ್ನು ಈ ರಜೆಯಲ್ಲಿ ಮನೆಗೆ ಹೋದಾಗ ಒಮ್ಮೆ ಅವರನ್ನೇ ಕೇಳಿನೋಡೋಣ.