ಸದಸ್ಯತ್ವವೇ ವಿದ್ಯಾರ್ಥಿಯ ಮತ

ಪದವಿ ಪ್ರವೇಶದ ಬೆನ್ನಿಗೇ ಸಂಘಟನೆಗಳ ಸದಸ್ಯತ್ವ ಅಭಿಯಾನವೂ ಬರುತ್ತದೆ. ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಕಲಬುರಗಿಗೋ ಬೀದರ್‌ಗೋ ಹೋಗಿ ಹಾಸ್ಟೆಲ್ ಸೇರಿದವರಿಗೆ ಎಬಿವಿಪಿ, ಎನ್‌ಎಸ್‌ಯುಐ, ಎಸ್‌ಎಫ್‌ಐ, ಎಐಡಿಎಸ್‌ಒಗಳ ಜತೆಗೆ ಜಾತಿ ಸಮುದಾಯಗಳ ಯುವ ಘಟಕಗಳೂ ಎದುರಾಗುತ್ತವೆ. ‘ರಾಜಕೀಯದ ಉಸಾಬರಿ ಬೇಡ’ ಎಂದು ಮನೆಯವರು ಮಾತು ಮುಗಿಸುತ್ತಾರೆ. ಪ್ರಶ್ನೆ ಅಷ್ಟಕ್ಕೇ ಮುಗಿಯುವುದಿಲ್ಲ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕ ದಾಟಿದೆ. ಇಂಥ ಚುನಾವಣೆಗಳಲ್ಲಿ ಅಭ್ಯರ್ಥಿಯ ವೆಚ್ಚ 5,000 ರೂಪಾಯಿ ಮೀರಬಾರದು, ಫಲಿತಾಂಶ ಬಂದ ಎರಡು ವಾರದೊಳಗೆ ಲೆಕ್ಕ ಕೊಡಬೇಕು ಎಂದು ಲಿಂಗ್ಡೋ ಸಮಿತಿ ಹೇಳಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಚುನಾವಣೆಯೇ ಇಲ್ಲದ ಕಡೆ ಯಾರು ಯಾರಿಗೆ ಲೆಕ್ಕ ಕೊಡಬೇಕು? ಸಂಘಟನೆಗಳು ಉಳಿದವು, ಉತ್ತರದಾಯಿತ್ವ ಹೋಯಿತು. ನಾಯಕರನ್ನು ಇಳಿಸುವ ಅಧಿಕಾರವಿಲ್ಲದ ವಿದ್ಯಾರ್ಥಿಗೆ ಸೇರುವುದು, ಸೇರದಿರುವುದು, ಬಿಟ್ಟು ಬರುವುದೇ ಉಳಿದಿರುವ ಮತ. ಸೀನಿಯರ್‌ಗಳ ಮುಲಾಜಿಗೆ ಅದನ್ನು ಮೊದಲ ವಾರದಲ್ಲೇ ಕೊಟ್ಟುಬಿಡಬಾರದು.

ಕೂಟವೊಂದನ್ನು ಸೇರುವುದೆಂದರೇನು ಎಂಬುದಕ್ಕೆ ಕಲ್ಯಾಣದಲ್ಲೇ ಮಾದರಿಯಿದೆ. 12ನೇ ಶತಮಾನದ ಅನುಭವ ಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಕಟುವಾಗಿಯೇ ಪ್ರಶ್ನಿಸಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಅದು ಎಲ್ಲರೆದುರು ನಡೆದ ವಾದ. ಆಕೆಯೂ ತಿರುಗಿ ಉತ್ತರಿಸಿದಳು. ಅಗಸರ ಮಾಚಯ್ಯ, ಸಮಗಾರ ಹರಳಯ್ಯ, ಅಂಬಿಗರ ಚೌಡಯ್ಯ ಆ ಬಳಗದವರೇ. ಇದಕ್ಕೆ ವಿರುದ್ಧವಾಗಿ, ಅಮೆರಿಕದಲ್ಲಿ 1776ರಲ್ಲಿ ಶುರುವಾದ ಫೈ ಬೀಟಾ ಕಪ್ಪಾ ಎಂಬ ವಿದ್ಯಾರ್ಥಿ ಸಂಘ ಮೊದಲಿಗೆ ಗುಟ್ಟಿನ ಕೂಟವಾಗಿತ್ತು. ಮುಂದೆ ಬಂದ ಅಂಥ ಎಷ್ಟೋ ಕೂಟಗಳಲ್ಲಿ ಹೊಸಬರನ್ನು ಹಿಂಸಿಸುವುದೇ ದೀಕ್ಷೆಯಾಯಿತು. ನಮ್ಮಲ್ಲಿ ಅದರ ಹೆಸರು ರ‍್ಯಾಗಿಂಗ್, ಅದು ಅಪರಾಧ. ಯಾವುದೇ ಸಂಘಟನೆಯನ್ನು ಅಳೆಯಲು ಇಷ್ಟು ನೋಡಿದರೆ ಸಾಕು: ಹೊಸಬರು ಅಲ್ಲಿ ತಿರುಗಿ ಪ್ರಶ್ನೆ ಕೇಳಬಹುದೇ, ಬೇರೆ ಜಾತಿಯವರು ಪಕ್ಕದಲ್ಲಿ ಕೂರಬಹುದೇ?

ಹಳ್ಳಿಯಿಂದ ಬಂದ ಬಡ ವಿದ್ಯಾರ್ಥಿಗೆ ಸಮುದಾಯದ ಆಸರೆ ಬೇಡವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಮಠಗಳ, ಸಮುದಾಯಗಳ ಹಾಸ್ಟೆಲ್‌ಗಳಿಲ್ಲದಿದ್ದರೆ ಈ ನಾಡಿನ ಎಷ್ಟೋ ಮನೆಗಳಿಗೆ ಮೊದಲ ಪದವೀಧರರೇ ಸಿಗುತ್ತಿರಲಿಲ್ಲ. ಆದರೆ ಅನ್ನದ ಋಣವನ್ನು ಓದಿ ತೀರಿಸಬಹುದು, ಬಂದ್‌ಗೆ ಬೀದಿಗಿಳಿದು ತೀರಿಸಬೇಕಿಲ್ಲ. ಸಂಘಟನೆಗಳೇ ನಾಯಕರನ್ನು ಬೆಳೆಸುತ್ತವೆ ಎಂಬುದೂ ನಿಜ. ಆದರೂ 1973ರ ಬೂಸಾ ಗಲಾಟೆಯನ್ನು ನೆನೆಯಬೇಕು. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ‘ಬೂಸಾ’ ಎಂದ ಸಚಿವ ಬಿ. ಬಸವಲಿಂಗಪ್ಪನವರ ಮಾತಿಗೆ ಕೆರಳಿ ಬೀದಿಗಿಳಿದವರು ವಿದ್ಯಾರ್ಥಿಗಳೇ, ಆಗ ಹಲ್ಲೆಗೊಳಗಾದ ದಲಿತರೂ ವಿದ್ಯಾರ್ಥಿಗಳೇ. ಸಚಿವರು ರಾಜೀನಾಮೆ ಕೊಟ್ಟರು. ಆ ನೋವಿನಿಂದಲೇ ದಲಿತ ಸಂಘರ್ಷ ಸಮಿತಿಗೆ ದಾರಿಯಾಯಿತು. ಗುಂಪಾಗಿ ಹೊಡೆಯುವುದಕ್ಕೂ ಸಂಘಟಿತರಾಗಿ ಹಕ್ಕು ಕೇಳುವುದಕ್ಕೂ ಇರುವ ಅಂತರ ಆಗಲೇ ಸ್ಪಷ್ಟವಾಗಿತ್ತು.

ಆದ್ದರಿಂದ ಸಂಘಟನೆಯೇ ಬೇಡವೆನ್ನುವುದು ತಪ್ಪು, ಕರೆದಲ್ಲಿಗೆ ಹೋಗುವುದು ಇನ್ನೂ ದೊಡ್ಡ ತಪ್ಪು. ಸರ್ಕಾರ ಕಾಲೇಜು ಚುನಾವಣೆಯನ್ನು ಮರಳಿ ತರಲಿ. ಅಲ್ಲಿಯವರೆಗೆ ಹೊಸ ವಿದ್ಯಾರ್ಥಿಗಳು ಮೊದಲ ಸೆಮಿಸ್ಟರ್ ಮುಗಿಯುವ ತನಕ ಯಾವ ಸಂಘಟನೆಯ ರಸೀದಿಯನ್ನೂ ಹರಿಸಿಕೊಳ್ಳದಿರಲಿ.