ಕೌದಿಗೆ ಸಾದಾ ಬಟ್ಟೆ ಬೇಡವಾಯಿತೇ?

ನಮ್ಮ ಸಂಘಗಳ ಕೈಕೆಲಸದ ಪ್ರದರ್ಶನಗಳಲ್ಲಿ ಕೌದಿ ಎಂಬ ಹೆಸರಿನಿಂದ ಇಡುತ್ತಿರುವುದನ್ನು ಕುರಿತು ಎರಡು ಮಾತು ಹೇಳದೆ ಗತ್ಯಂತರವಿಲ್ಲ. ತ್ಯಾಗರಾಯನಗರದ ಅಂಗಡಿಯಿಂದ ಹೊಸ ಅಚ್ಚಿನ ಬಟ್ಟೆ ತಂದು, ತ್ರಿಕೋನವಾಗಿ ಕತ್ತರಿಸಿ, ಹೂವಿನ ಪಕ್ಕ ಹೂವು, ಬಳ್ಳಿಯ ಪಕ್ಕ ಬಳ್ಳಿ ಇಟ್ಟು ಯಂತ್ರದಲ್ಲಿ ಹೊಲಿಯುತ್ತಾರೆ. ಬಹುಮಾನವೂ ಅದಕ್ಕೇ! ನಾಲ್ಕು ಮಾರು ದೂರ ನಿಂತು ನೋಡಿದರೆ ತ್ರಿಕೋನ ಎಲ್ಲಿದೆ? ಅಂಚಿಗೆ ಅಂಚು ಬೆರೆತು ಎಲ್ಲವೂ ಕಲಸುಮೇಲೋಗರ.

ಅಚ್ಚಿನ ಬಟ್ಟೆಯ ಮೇಲೆ ನಮಗೆ ಹಗೆಯಿಲ್ಲ. ಈ ಕೋರಮಂಡಲ ತೀರದಿಂದಲೂ ಹೋಗುತ್ತಿದ್ದ ಅಚ್ಚಿನ ಬಟ್ಟೆಗೆ ಬೆದರಿ ಇಂಗ್ಲೆಂಡು ತನ್ನ ಉಣ್ಣೆ, ರೇಷ್ಮೆ ನೇಕಾರರನ್ನು ಉಳಿಸಲು 1721ರಲ್ಲಿ ಕಾನೂನನ್ನೇ ಮಾಡಿತು. 1734ರಲ್ಲಿ ಚಿಂತಾದ್ರಿಪೇಟೆಯನ್ನು ಕಟ್ಟಿದ್ದೂ ನೇಕಾರರಿಗಾಗಿಯೇ. ಆದರೆ ಹೂವು ಕಾಣಬೇಕಾದರೆ ಪಕ್ಕದಲ್ಲಿ ಬಯಲು ಬೇಕು. ಆ ಬಯಲೇ ಸಾದಾ ಬಟ್ಟೆ.

ಲೆಕ್ಕ ಬರೆಯುವ ಕೈ ನಮ್ಮದು, ಲೆಕ್ಕವನ್ನೇ ಕೊಡುತ್ತೇವೆ. 60 ಅಂಗುಲ ಅಗಲ, 90 ಅಂಗುಲ ಉದ್ದದ ಕೌದಿಗೆ 6 ಅಂಗುಲದ 150 ಚೌಕಗಳು ಬೇಕು. ಅಚ್ಚಿನದು 75, ಸಾದಾದ್ದು 75, ಹೀಗೆ 7 ಅಂಗುಲದ ಚೌಕಗಳನ್ನು ಕತ್ತರಿಸಿ. ಪ್ರತಿಯೊಂದನ್ನೂ ಮೂಲೆಯಿಂದ ಮೂಲೆಗೆ ಸೀಳಿದರೆ 300 ತ್ರಿಕೋನ. ಒಂದು ಅಚ್ಚು, ಒಂದು ಸಾದಾ ಕೂಡಿಸಿ ಹೊಲಿದು ಆರೂವರೆ ಅಂಗುಲಕ್ಕೆ ಸವರಿದರೆ ಸುತ್ತಲೂ ಕಾಲಂಗುಲ ಹೊಲಿಗೆಗೆ ಉಳಿಯುತ್ತದೆ. ಓರೆ ಅಂಚು ಜಗ್ಗುವ ಜಾತಿ, ಅದನ್ನು ಎಳೆಯಬಾರದು. ಇಂಥ ನಾಲ್ಕು ಚೌಕಗಳನ್ನು ಒಂದು ರೀತಿ ತಿರುಗಿಸಿದರೆ ಗಿರಗಿಟ್ಟಲೆ, ಇನ್ನೊಂದು ರೀತಿ ತಿರುಗಿಸಿದರೆ ವಜ್ರ, ಸಾಲಾಗಿಟ್ಟರೆ ಗರಗಸದ ಹಲ್ಲು. ಎರಡೂ ಕಡೆ ಹೂವೇ ಇದ್ದರೆ ಇವು ಯಾವುವೂ ಮೂಡುವುದಿಲ್ಲ.

ಸಾದಾ ಬಟ್ಟೆಗೆ ಅಂಗಡಿಗೆ ಹೋಗಬೇಕೇ? ನಾಲ್ಕು ಗಜದ ಗಟ್ಟಿ ಧೋತರ ಒಂದಿದ್ದರೆ 75 ಚೌಕಗಳು ಬಂದು ಮಿಗುತ್ತದೆ. ಹಳೆಯ ಲಂಗ, ಇಳಕಲ್ ಸೀರೆಯ ಒಡಲು ಇವೂ ಇವೆ. ಆದರೆ ನಾವು ಮಾಡುವುದೇನು? ಅಜ್ಜಿ ಉಟ್ಟ ಸೀರೆಯನ್ನು ಹಳೆಬಟ್ಟೆಯವಳಿಗೆ ಹಾಕಿ ಒಂದು ಸ್ಟೀಲ್ ಡಬರಿ ತೆಗೆದುಕೊಳ್ಳುತ್ತೇವೆ, ಆಮೇಲೆ ಕೌದಿಗೆಂದು ದುಡ್ಡು ಕೊಟ್ಟು ಹೊಸ ಬಟ್ಟೆ ತರುತ್ತೇವೆ. ಎಂಥ ಜಾಣತನ!

'ಈ ಸೆಖೆಯ ಊರಿನಲ್ಲಿ ಕೌದಿ ಏಕೆ?' ಎನ್ನುವವರಿದ್ದಾರೆ. ಹಾಸಿಕೊಳ್ಳಲು, ಸ್ವಾಮಿ. ಸವೆದ ಹತ್ತಿ ಬೆವರು ಹೀರುತ್ತದೆ. ನೈಲಾನಿನ ಹೊಳೆಯುವ ಹೊದಿಕೆ ಹೀರದು. 'ಅದು ಬಡವರ ಹೊದಿಕೆ' ಎಂಬುದು ಇನ್ನೊಂದು ಮಾತು. ಇದನ್ನು ಬಾಯಿಬಿಟ್ಟು ಆಡದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡವರು ನಮ್ಮಲ್ಲಿ ಬಹಳ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರು ಹಳೆಬಟ್ಟೆಯಲ್ಲೇ ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬಂದು, ನಾಲ್ಕು ಮೂಲೆಗೂ 'ಫುಲಾ' ಎಂಬ ಮಡಿಸಿದ ತ್ರಿಕೋನಗಳನ್ನು ಕೂರಿಸುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಆ ಕೌದಿಗಳು ಅಮೆರಿಕದಲ್ಲೂ ಪ್ರದರ್ಶನ ಕಂಡಿವೆ. ಅಲ್ಲಿಯವರು ಗೋಡೆಗೆ ತೂಗುಹಾಕಿ ನೋಡಿದ್ದನ್ನು ನಾವು ಅಟ್ಟಕ್ಕೆ ಎಸೆದಿದ್ದೇವೆ.

ಆದ್ದರಿಂದ ಮಹಿಳಾ ವಿಭಾಗದವರಲ್ಲಿ ನಮ್ಮ ಒತ್ತಾಯವಿಷ್ಟೆ: ಮುಂದಿನ ಸ್ಪರ್ಧೆಯಲ್ಲಿ ಉಟ್ಟು ಸವೆದ ಬಟ್ಟೆಗೆ ಮಾತ್ರ ಪ್ರವೇಶವಿರಲಿ, ಅದರಲ್ಲಿ ಅರ್ಧ ಸಾದಾ ಇರಲಿ. ತೀರ್ಪುಗಾರರು ಕೌದಿಯನ್ನು ಮಗುಚಿ ಹಾಕಿ, ಹಿಂಬದಿಯ ಕೈಹೊಲಿಗೆಯ ಸಾಲುಗಳನ್ನೂ ನೋಡಿ ಅಂಕ ಕೊಡಲಿ.