ಪಟ್ಟಿಯೇ ಪ್ರಮಾಣ

ಮನೆಗೆ ಸಾಮಾನು ತರಿಸುವುದರಲ್ಲಿ ಎರಡು ಕ್ರಮಗಳುಂಟು. ‘ಅಂಗಡಿಗೆ ಹೋಗಿ 10 ಕಿಲೋ ಅಕ್ಕಿ ತಾ’ ಎಂಬುದು ಒಂದು. ‘ನಮ್ಮ ಮನೆಯಲ್ಲಿ 10 ಕಿಲೋ ಅಕ್ಕಿ ಇರತಕ್ಕದ್ದು’ ಎಂಬುದು ಇನ್ನೊಂದು. ಮೇಲುನೋಟಕ್ಕೆ ಎರಡೂ ಒಂದೇ. ಆದರೆ ಮೊದಲನೆಯ ಮಾತನ್ನು ಮರೆತು ಎರಡು ಸಲ ಆಡಿದರೆ 20 ಕಿಲೋ ಬಂದು ಬೀಳುತ್ತದೆ. ಎರಡನೆಯದನ್ನು ನೂರು ಸಲ ಆಡಿದರೂ ಡಬ್ಬಿಯಲ್ಲಿರುವುದು ಹತ್ತೇ. ಮೊದಲನೆಯದು ಅಪ್ಪಣೆ, ಎರಡನೆಯದು ಸ್ಥಿತಿಯ ವರ್ಣನೆ. ಈ ಚಿಕ್ಕ ವ್ಯತ್ಯಾಸವನ್ನೇ ಆಧಾರವಾಗಿಟ್ಟುಕೊಂಡು ಗಣಕಯಂತ್ರದ ಲೋಕದಲ್ಲಿ ಒಂದು ಸಂಪ್ರದಾಯವೇ ಬೆಳೆದುನಿಂತಿದೆ.

ಗಣಕದಲ್ಲಿ ಬರೆಯುವವರ ಲೇಖನಿಗೆ ಎಡಿಟರ್ ಎಂದು ಹೆಸರು. 1976ರಲ್ಲಿ ಬರ್ಕ್ಲಿಯ ವಿದ್ಯಾರ್ಥಿ ಬಿಲ್ ಜಾಯ್ ರಚಿಸಿದ ‘ವಿಐ’, ದಿವಂಗತ ಬ್ರಾಮ್ ಮೋಲೆನಾರ್ 1991ರಲ್ಲಿ ಹೊರತಂದ ‘ವಿಮ್’, 2014ರಲ್ಲಿ ಅದರಿಂದ ಕವಲೊಡೆದ ‘ನಿಯೋವಿಮ್’ ಇವೆಲ್ಲ ಒಂದೇ ವಂಶದವು. ನಿಯೋವಿಮ್ ಹುಟ್ಟಿನಿಂದ ನಿರಾಭರಣ. ಅದಕ್ಕೆ ಒಡವೆ ತೊಡಿಸುವವು ಪ್ಲಗಿನ್‌ಗಳು: ನೂರು ಕಡತಗಳಲ್ಲಿ ಒಂದು ಪದವನ್ನು ಹುಡುಕಿಕೊಡುವುದು ಒಂದು, ಹಿಂದಿನ ತಿದ್ದುಪಡಿಗಳನ್ನು ತೋರಿಸುವುದು ಮತ್ತೊಂದು. ಒಂದೊಂದನ್ನೂ ಬೇರೆ ಬೇರೆ ದೇಶದ ಪುಣ್ಯಾತ್ಮರು ತಮ್ಮ ಬಿಡುವಿನಲ್ಲಿ ಬರೆದಿರುತ್ತಾರೆ. ಬಳಸುವವನು ಐದಾರು ವರ್ಷಗಳಲ್ಲಿ ಮೂವತ್ತು ನಲವತ್ತನ್ನು ಕೂಡಿಹಾಕಿಕೊಳ್ಳುತ್ತಾನೆ. ಯಾವುದನ್ನು ಏಕೆ ತಂದೆ, ಎಲ್ಲಿ ಏನು ತಿರುಚಿದೆ ಎಂಬುದು ಅವನಿಗೇ ನೆನಪಿರುವುದಿಲ್ಲ. ಹೀಗಿರಲು ಒಂದು ದಿನ ಯಂತ್ರ ಕೈಕೊಡುತ್ತದೆ. ಹೊಸ ಯಂತ್ರದಲ್ಲಿ ಎಡಿಟರಿನ ಹೆಸರು ಅದೇ, ಆದರೆ ಕೈಗೆ ಒಗ್ಗಿದ ಲೇಖನಿ ಅದಲ್ಲ. ಬರೆದೇ ಜೀವನ ಸಾಗಿಸುವವನಿಗೆ ಇದು ಸಣ್ಣ ನಷ್ಟವಲ್ಲ.

ನಿಯೋವಿಮ್‌ಗೆಂದೇ ಇರುವ ಪ್ಲಗಿನ್ ವ್ಯವಸ್ಥಾಪಕಗಳಲ್ಲಿಯೂ ಪಟ್ಟಿಯುಂಟಲ್ಲ ಎಂದು ಬಲ್ಲವರು ಆಕ್ಷೇಪಿಸಬಹುದು. ಉಂಟು, ದಿಟ. ಆದರೆ ಪದ ಹುಡುಕುವ ಪ್ಲಗಿನ್ ತಾನೇ ಹುಡುಕುವುದಿಲ್ಲ. ‘ರಿಪ್‌ಗ್ರೆಪ್’ ಎಂಬ ಹೊರಗಿನ ಆಳಿನ ಕೈಯಲ್ಲಿ ಮಾಡಿಸುತ್ತದೆ. ಆ ಆಳು ಮನೆಯಲ್ಲಿರುವನೋ ಇಲ್ಲವೋ ಎಂಬುದನ್ನು ಅಂಥ ಪಟ್ಟಿ ಸಾಮಾನ್ಯವಾಗಿ ವಿಚಾರಿಸುವುದಿಲ್ಲ.

ವಿಚಾರಿಸುವ ವ್ಯವಸ್ಥೆಯೆಂದರೆ ‘ನಿಕ್ಸ್’. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ ಈಲ್ಕೋ ಡೋಲ್ಸ್ತ್ರಾ 2003ರಲ್ಲಿ ಇದನ್ನು ಆರಂಭಿಸಿ, 2006ರಲ್ಲಿ ಇದೇ ವಿಷಯವಾಗಿ ಡಾಕ್ಟರೇಟ್ ಪ್ರಬಂಧವನ್ನು ಬರೆದರು. ಡಚ್ ಭಾಷೆಯಲ್ಲಿ ‘ನಿಕ್ಸ್’ ಎಂದರೆ ‘ಏನೂ ಇಲ್ಲ’. ಪಟ್ಟಿಯಲ್ಲಿ ಹೇಳದೆ ಇರುವುದೇನೂ ಕಟ್ಟುವ ಕೆಲಸದ ಕಣ್ಣಿಗೆ ಬೀಳಕೂಡದೆಂಬುದು ಹೆಸರಿನ ತಾತ್ಪರ್ಯ.

ಗ್ರಂಥಸಂಪಾದನೆಯನ್ನು ಓದಿದವರಿಗೆ ಇದರ ಸ್ವಾರಸ್ಯ ಬೇಗನೆ ಹಿಡಿಸೀತು. ಒಂದೇ ಕಾವ್ಯದ ನಾಲ್ಕು ಓಲೆಪ್ರತಿಗಳಲ್ಲಿ ನಾಲ್ಕು ಪಾಠಾಂತರಗಳಿರುತ್ತವೆ. ಹೆಸರು ಮಾತ್ರ ಒಂದೇ. ಪ್ಲಗಿನ್‌ಗಳ ಪಾಡೂ ಅದೇ. ನಿಕ್ಸ್ ಹೆಸರನ್ನು ನಂಬುವುದಿಲ್ಲ. ಮೂಲಬರಹ, ಕಟ್ಟಿದ ಸಾಧನಗಳು, ಕಟ್ಟಿದ ಕ್ರಮ ಇಷ್ಟನ್ನೂ ಲೆಕ್ಕಕ್ಕೆ ಹಿಡಿದು 32 ಅಕ್ಷರಗಳ ಒಂದು ಗುರುತನ್ನು ಮಾಡಿ, ಆ ಗುರುತಿನ ಕೋಣೆಯಲ್ಲಿ ವಸ್ತುವನ್ನು ಇಡುತ್ತದೆ. ಒಂದು ಸಣ್ಣ ಅಂಶ ಬದಲಾದರೂ ಬೇರೆ ಗುರುತು, ಬೇರೆ ಕೋಣೆ. ಹಳೆಯದರ ಮೇಲೆ ಹೊಸದು ಬಂದು ಕೂರುವುದಿಲ್ಲವಾದ್ದರಿಂದ ಎರಡೂ ಜಗಳವಾಡದೆ ಬಾಳುತ್ತವೆ.

ಬಳಕೆದಾರನ ಪಾಲಿಗೆ ಈ ಕೆಲಸವನ್ನು ನಡೆಸಿಕೊಡುವ ಸಲಕರಣೆಯ ಹೆಸರು ‘ಹೋಮ್ ಮ್ಯಾನೇಜರ್’. (ಗೃಹಿಣಿಯರು ನಗಬಾರದು, ಹೆಸರಿಟ್ಟವನು ನಾನಲ್ಲ.) ನಿಯೋವಿಮ್ ಇರಲಿ, ಇಂತಿಂಥ ಪ್ಲಗಿನ್‌ಗಳಿರಲಿ, ಜೊತೆಗೆ ರಿಪ್‌ಗ್ರೆಪ್ ಇರಲಿ ಎಂದು ಒಂದು ಕಡತದಲ್ಲಿ ಬರೆದು ಒಂದು ಆಜ್ಞೆಯನ್ನು ಕೊಟ್ಟರೆ ಅಷ್ಟೂ ಸಿದ್ಧವಾಗುತ್ತದೆ. ಬೇಡವಾದದ್ದನ್ನು ಪಟ್ಟಿಯಿಂದ ಹೊಡೆದುಹಾಕಿದರೆ ಮುಂದಿನ ಸಲ ಅದು ಎಡಿಟರಿನಲ್ಲಿ ಕಾಣಿಸುವುದಿಲ್ಲ. ಪ್ರತಿಯೊಂದು ಬದಲಾವಣೆಯೂ ಒಂದೊಂದು ‘ತಲೆಮಾರು’ ಎನಿಸಿ ಉಳಿಯುವುದರಿಂದ, ಹೊಸದು ಕೆಟ್ಟರೆ ನಿನ್ನೆಯ ತಲೆಮಾರಿಗೆ ಮರಳಬಹುದು. ‘ಫ್ಲೇಕ್’ ಎಂಬ ಪದ್ಧತಿಯನ್ನು ಅನುಸರಿಸಿದರೆ, ಯಾವ ದಿನದ ಪಾಠವೆಂಬುದನ್ನು ಒಂದು ಬೀಗದ ಕಡತವೂ ಬರೆದಿಡುತ್ತದೆ. ಪಟ್ಟಿಯನ್ನೂ ಬೀಗವನ್ನೂ ಬೇರೊಂದೆಡೆ ಪ್ರತಿಮಾಡಿಟ್ಟವನು ಹೊಸ ಯಂತ್ರಕ್ಕೆ ಹೆದರಬೇಕಾದುದಿಲ್ಲ. ಬರೆದ ಕಾದಂಬರಿಯನ್ನು ಮಾತ್ರ ಪ್ರತ್ಯೇಕವಾಗಿ ಕಾಪಾಡಿಕೊಳ್ಳತಕ್ಕದ್ದು. ಪಟ್ಟಿಗೆ ಅದರ ಗೊಡವೆಯಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ಅಲ್ಪವೆಂದು ನಾನು ಹೇಳಲಾರೆ. ನಿಕ್ಸ್‌ಗೆ ತನ್ನದೇ ಆದ ಒಂದು ಭಾಷೆಯುಂಟು, ಅದನ್ನು ಕಲಿಯಬೇಕು. ಹೋಮ್ ಮ್ಯಾನೇಜರ್ ಇಟ್ಟ ಕಡತಗಳನ್ನು ಓದಬಹುದೇ ಹೊರತು ತಿದ್ದಲಾಗದು. ಅಕ್ಷರದ ಬಣ್ಣವೊಂದನ್ನು ಬದಲಿಸಬೇಕಾದರೂ ಪಟ್ಟಿಗೇ ಹೋಗಿ ತಿದ್ದಿ, ಮತ್ತೆ ಕಟ್ಟಿಸಬೇಕು. ಭಂಡಾರದಲ್ಲಿ ಇಲ್ಲದ ಪ್ಲಗಿನ್ ಬೇಕೆಂದರೆ ಅದರ ವಿಳಾಸದೊಡನೆ ಗುರುತಿನ ಅಕ್ಷರಮಾಲೆಯನ್ನೂ ಕೊಡಬೇಕು. ಅದು ಯಾರಿಗೆ ತಿಳಿದಿರುತ್ತದೆ? ಬೇಕೆಂದೇ ಸುಳ್ಳು ಗುರುತನ್ನು ಕೊಟ್ಟು, ನಿಕ್ಸ್ ಸಿಟ್ಟಾಗಿ ನಿಜವಾದುದನ್ನು ಹೇಳಿದಾಗ ಅದನ್ನೇ ಬರೆದುಕೊಳ್ಳುವುದು ರೂಢಿ! ತಲೆಮಾರುಗಳು ಹೆಚ್ಚಿದಂತೆ ಡಿಸ್ಕಿನ ಜಾಗವೂ ತುಂಬುವುದರಿಂದ ಆಗಾಗ ಕಸ ಗುಡಿಸಬೇಕು.

ಆದಕಾರಣ ಪ್ರಯೋಗ ಮಾಡಬಯಸುವ ಯುವಕರು ಇದ್ದದ್ದನ್ನೆಲ್ಲ ಒಂದೇ ರಾತ್ರಿಯಲ್ಲಿ ಪಟ್ಟಿಗೆ ಏರಿಸಹೊರಡುವುದು ಬೇಡ. ಎಡಿಟರನ್ನೂ ಪ್ಲಗಿನ್‌ಗಳನ್ನೂ ನಿಕ್ಸ್‌ನ ವಶಕ್ಕೆ ಕೊಟ್ಟು, ಕೀಲಿ, ಬಣ್ಣ ಮುಂತಾದುವನ್ನು ಹೇಳುವ ಹಳೆಯ ‘ಲೂವಾ’ ಕಡತವನ್ನು ಇದ್ದಂತೆಯೇ ಸ್ವಲ್ಪ ಕಾಲ ಬಳಸಲು ಅಡ್ಡಿಯಿಲ್ಲ. ಉಳಿದದ್ದನ್ನು ಬೇಸಗೆಯ ರಜೆಗೆ ಇಟ್ಟುಕೊಳ್ಳಬಹುದು.